ತೆಗೆದ ಜಾಗದಲ್ಲಿ ಏನಿತ್ತು

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಸುತ್ತಮುತ್ತ ಬಾಡಿಗೆಗೋ ಮಾರಾಟಕ್ಕೋ ಇರುವ ಫ್ಲ್ಯಾಟುಗಳ ಫೋಟೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋಗಿ. ಈ ಊರಿಗೆ ಕರೆಂಟು ತಂತಿಯಿಲ್ಲದೆ ಬರುತ್ತದೆ, ನೀರು ಟ್ಯಾಂಕರಿಲ್ಲದೆ ಬರುತ್ತದೆ, ಕಸ ಎಂಬುದು ಹುಟ್ಟುವುದೇ ಇಲ್ಲ ಎಂದು ನಂಬಬೇಕಾಗುತ್ತದೆ. ಬಾಲ್ಕನಿಯಾಚೆ ಒಂದೂ ಅಡ್ಡಗೆರೆಯಿಲ್ಲದ ನೀಲಿ ಆಕಾಶ. ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿದ್ದ ಪಕ್ಕದ ಸೈಟಿನಲ್ಲಿ ಹಸಿರು. ಐಟಿಪಿಎಲ್ ಟೆಕ್ ಪಾರ್ಕಿನ ಕಟ್ಟಡಗಳು ಮಾತ್ರ ಕದಲದೆ ನಿಂತಿರುತ್ತವೆ. ಬಾಡಿಗೆಯ ದರ ನಿಂತಿರುವುದೇ ಅವುಗಳ ಮೇಲೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್ ಮತ್ತು ಕೆ.ಆರ್. ಪುರದ ನಡುವೆ ನೇರಳೆ ಮಾರ್ಗದ ಮೆಟ್ರೊ ಓಡತೊಡಗಿದ ಮೇಲೆ ಊರ ಹೆಸರಿನ ನಿಲ್ದಾಣವೂ ಚಿತ್ರದಲ್ಲಿ ಜಾಗ ಗಿಟ್ಟಿಸಿಕೊಂಡಿದೆ. ನಿಲ್ದಾಣದ ಕೆಳಗಿನ ಎಳನೀರು ಗಾಡಿಗೆ ಆ ಭಾಗ್ಯವಿಲ್ಲ.

ಮನೆ ಮಾರುವವರ ಮಾತನ್ನು ಇಲ್ಲಿಗೇ ಬಿಡೋಣ. ಅವರನ್ನು ಹಿಡಿಯಲು ಕಾನೂನಿದೆ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನಲ್ಲೋ ಮಾದರಿ ಮನೆಯಲ್ಲೋ ತೋರಿಸಿದ ಸುಳ್ಳನ್ನು ನಂಬಿ ದುಡ್ಡು ಕೊಟ್ಟವನು ನಷ್ಟ ಕೇಳಬಹುದು, ಬೇಡವೆಂದರೆ ಕೊಟ್ಟ ಹಣವನ್ನು ಬಡ್ಡಿ ಸಮೇತ ವಾಪಸು ಪಡೆಯಬಹುದು. ನನ್ನ ಪ್ರಶ್ನೆ ಯಾವ ಕಾಯ್ದೆಗೂ ಸಿಗದ ನಮ್ಮ ನಿಮ್ಮ ಫೋಟೊಗಳದ್ದು. ಮಗುವಿನ ಹುಟ್ಟುಹಬ್ಬದ ಚಿತ್ರದಲ್ಲಿ ಹಿಂದೆ ಹಾದುಹೋದ ಅಪರಿಚಿತ, ಕೆರೆಯ ಮೇಲಿನ ಸೂರ್ಯಾಸ್ತಕ್ಕೆ ಅಡ್ಡ ಬಂದ ಕಂಬ, ದೇವಸ್ಥಾನದ ಮುಂದೆ ನಿಂತ ಸ್ಕೂಟರು. ಬೆರಳಲ್ಲಿ ಒಂದು ಸುತ್ತು ಹಾಕಿದರೆ ಇಲ್ಲ. ಇದರಲ್ಲಿ ತಪ್ಪಿದೆಯೆ? ಇದ್ದರೆ ಯಾವ ಗಳಿಗೆಯಲ್ಲಿ ಇದೆ?

ತೆಗೆಯುವುದರಲ್ಲಿ ತಪ್ಪಿರುವುದು ಅಪರೂಪ ಎಂಬುದು ನನ್ನ ವಾದ. ತಪ್ಪು ಇರುವುದು ಅದರ ಮರುಗಳಿಗೆಯಲ್ಲಿ, ತೆಗೆದ ಜಾಗವನ್ನು ತುಂಬುವಾಗ. ಎರಡೂ ಒಂದೇ ಬೆರಳ ಚಲನೆಯಲ್ಲಿ ಮುಗಿದುಹೋಗುವುದರಿಂದ ನಾವು ಎರಡನೆಯದನ್ನು ಗಮನಿಸುವುದೇ ಇಲ್ಲ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ನೋಡಬೇಕು. ಒಂದು ಫೋಟೊದಲ್ಲಿ ನೀರಿನ ಟ್ಯಾಂಕರ್ ಇದೆಯೆನ್ನಿ. ಅದರ ಹಿಂದೆ ಏನಿತ್ತು ಎಂಬುದು ಕ್ಯಾಮೆರಾಕ್ಕೆ ಗೊತ್ತಿಲ್ಲ. ಆ ದಿಕ್ಕಿನಿಂದ ಬಂದ ಬೆಳಕೆಲ್ಲ ಟ್ಯಾಂಕರಿನದ್ದೇ. ಹಾಗಾಗಿ ಟ್ಯಾಂಕರ್ ತೆಗೆದರೆ ಉಳಿಯುವುದು ಬರೀ ತೂತು. ಅದರಲ್ಲಿ ಯಾರಾದರೂ ಏನನ್ನಾದರೂ ಬರೆಯಲೇಬೇಕು. 1990ರಲ್ಲಿ ನಾಲ್ ಸೋದರರ ಫೋಟೊಶಾಪ್ ಮಾರುಕಟ್ಟೆಗೆ ಬಂದಾಗ ಬರೆಯುವವನು ಮನುಷ್ಯನೇ ಆಗಿದ್ದ. ಪಕ್ಕದ ಗೋಡೆಯಿಂದ ಒಂದು ತುಣುಕನ್ನು ನಕಲು ಮಾಡಿ ತಾನೇ ಅಂಟಿಸಬೇಕಿತ್ತು. 2000ದಲ್ಲಿ ಬೆರ್ತಾಲ್ಮಿಯೊ ಮತ್ತು ಸಂಗಡಿಗರು ತೂತಿನ ಅಂಚಿನ ಗೆರೆಗಳನ್ನು ಗಣಿತದ ಮೂಲಕ ಒಳಕ್ಕೆ ಹರಿಸುವ ವಿಧಾನ ಕೊಟ್ಟರು. 2009ರ ಪ್ಯಾಚ್‌ಮ್ಯಾಚ್ ಎಂಬ ಲೆಕ್ಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದೇ ಚಿತ್ರದ ಬೇರೆ ಮೂಲೆಗಳಿಂದ ಹೊಂದುವ ಚೂರುಗಳನ್ನು ಕ್ಷಣಾರ್ಧದಲ್ಲಿ ಹುಡುಕಿ ತರುತ್ತಿತ್ತು. ಮರುವರ್ಷ ಅದೇ ಬಗೆಯ ಸೌಲಭ್ಯ ಫೋಟೊಶಾಪಿನೊಳಗೆ ಬಂತು. ಅಲ್ಲಿಯವರೆಗೆ ಹೊಲಿಗೆಗೆ ಬಳಸಿದ ಬಟ್ಟೆ ನಿಮ್ಮದೇ ಫೋಟೊದ್ದು. ಸುಳ್ಳಾದರೂ ಮನೆಯ ಸುಳ್ಳು.

2021ರ ಕೊನೆಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಮ್ಯಾಜಿಕ್ ಇರೇಸರ್ ಇಟ್ಟಿತು. 2024ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಅದೇ ವರ್ಷ ಐಫೋನಿಗೆ ಕ್ಲೀನ್ ಅಪ್ ಬಂತು. ನಡುವೆ, 2023ರಲ್ಲಿ, ಫೋಟೊಶಾಪಿಗೆ ಚಿತ್ರ ಹುಟ್ಟಿಸುವ ಎಐ ಸೇರಿತು. ಈಗ ತೂತಿಗೆ ಹಾಕುವ ಬಟ್ಟೆ ನಿಮ್ಮ ಫೋಟೊದಿಂದಲೇ ಬರಬೇಕೆಂದಿಲ್ಲ. ಜಗತ್ತಿನ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ಅರೆದು ಕುಡಿದ ಯಂತ್ರ, ಇಂಥ ಕಡೆ ಸಾಮಾನ್ಯವಾಗಿ ಏನಿರುತ್ತದೆ ಎಂದು ಊಹಿಸಿ ಬರೆಯುತ್ತದೆ.

ಆ ಊಹೆ ಹೇಗಿರುತ್ತದೆಂದು ನೋಡಲು ಅಗ್ರಹಾರದ ಕೆರೆಯ ಬದಿಯ ರಸ್ತೆಯಲ್ಲಿ ತೆಗೆದ ಒಂದು ಫೋಟೊದ ಮೇಲೆ ಪ್ರಯೋಗ ಮಾಡಿದೆ. ನೀರಿನ ಟ್ಯಾಂಕರ್ ಮೋಟರು ಹಾಕಿಕೊಂಡು ಅಪಾರ್ಟ್‌ಮೆಂಟಿನ ಸಂಪಿಗೆ ನೀರಿಳಿಸುತ್ತಿತ್ತು. ಅದರ ಸುತ್ತ ಬೆರಳಾಡಿಸಿದೆ. ಎರಡು ಸೆಕೆಂಡು ಮಿನುಗಿ ಟ್ಯಾಂಕರ್ ಹೋಯಿತು. ಅದಿದ್ದಲ್ಲಿ ಕಲ್ಲು ಹೊದಿಸಿದ ಕಾಂಪೌಂಡು, ಅದರ ಬುಡದಲ್ಲಿ ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡಗಳು, ಮುಂದೆ ಅಂಚುಗಲ್ಲು ಸಮವಾಗಿ ಕೂತ ಫುಟ್‌ಪಾತು. ಈ ರಸ್ತೆಯನ್ನು ಬಲ್ಲವರಾರೂ ಅಂಥ ಫುಟ್‌ಪಾತನ್ನು ಇಲ್ಲಿ ಕಂಡಿಲ್ಲ. ನಿಜವಾಗಿ ಅಲ್ಲಿದ್ದದ್ದು ಬಾಯಿ ತೆರೆದ ಚರಂಡಿ ಚಪ್ಪಡಿ, ಅದರ ಮೇಲೊಂದು ಮುಳ್ಳಿನ ಕೊಂಬೆ. ರಸ್ತೆಯ ಮೇಲೆ ಟ್ಯಾಂಕರಿನ ಚಕ್ರದ ನೆರಳು ಮಾತ್ರ ಉಳಿದುಕೊಂಡಿತ್ತು, ವಾರಸುದಾರನಿಲ್ಲದ ನೆರಳು. ಕಾಂಪೌಂಡಿನಿಂದ ಹೊರಟ ನೀರಿನ ಪೈಪು ಅರ್ಧ ದಾರಿಯಲ್ಲಿ ಗಾಳಿಯಲ್ಲಿ ನಿಂತಿತ್ತು.

ನೆರಳೂ ಪೈಪೂ ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತವೆ. ಫುಟ್‌ಪಾತು ಸರಿಹೋಗುವುದಿಲ್ಲ, ಯಾಕೆಂದರೆ ಯಂತ್ರದ ಪ್ರಕಾರ ಅದು ದೋಷವೇ ಅಲ್ಲ. ಅದು ಎಲ್ಲೆಲ್ಲೋ ಕಂಡ ಫುಟ್‌ಪಾತುಗಳ ಸರಾಸರಿ. ಚಿತ್ರದಿಂದ ಒಂದು ಟ್ಯಾಂಕರ್ ಕಳೆದದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ; ಇಲ್ಲಿ ಒಂದು ನಗರಪಾಲಿಕೆಯ ಕಾಮಗಾರಿಯೇ ಮುಗಿದುಹೋಗಿದೆ, ಟೆಂಡರಿಲ್ಲದೆ. ನಾನು ಏನನ್ನೋ ಮರೆಮಾಡಿದೆ ಎಂದುಕೊಂಡಿದ್ದೆ. ಆದರೆ ನನ್ನ ಹೆಸರಿನಲ್ಲಿ ಒಂದು ಹೊಸ ಹೇಳಿಕೆ ಹೊರಬಿದ್ದಿತ್ತು: ಇಲ್ಲಿ ಹೀಗೊಂದು ಗೋಡೆಯಿದೆ, ಹೀಗೊಂದು ನಡೆಯುವ ದಾರಿಯಿದೆ.

ಫೋಟೊ ಯಾವತ್ತು ನಿಜ ಹೇಳಿತ್ತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದರಲ್ಲೂ ಬೆಂಗಳೂರಿನಲ್ಲಿ ಕೂತು ಕೇಳಿದರೆ ಅದಕ್ಕೆ ತೂಕ ಹೆಚ್ಚು. ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಇಲ್ಲಿ ಬೀಡುಬಿಟ್ಟಿದ್ದವನು. 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಕ್ಯಾಮೆರಾದಲ್ಲಿ ಹಿಡಿದ. ಮರುವರ್ಷ ಬರ್ಮಾಕ್ಕೆ ಹೋದ ನಿಯೋಗದ ಜೊತೆ ಹೋಗಿ, ತಂದ ನೆಗೆಟಿವ್‌ಗಳನ್ನು ಬೆಂಗಳೂರಿಗೆ ಮರಳಿ ಇಲ್ಲೇ ಅಚ್ಚುಹಾಕಿದ: 120 ಚಿತ್ರಗಳ 50 ಸಂಪುಟ. ಅಂದಿನ ಮೇಣಗಾಗದದ ನೆಗೆಟಿವ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರೀ ಬಿಳಿ ಹಾಳೆಯಾಗಿ ಮೂಡುತ್ತಿತ್ತು. ಟ್ರೈಪ್ ಕುಂಚ ಹಿಡಿದು ನೆಗೆಟಿವ್ ಮೇಲೆ ಮೋಡ ಬರೆದ, ಎಲೆಗೊಂಚಲುಗಳನ್ನೂ ತಿದ್ದಿದ. ಇನ್ನು ದೀರ್ಘ ಎಕ್ಸ್‌ಪೋಷರ್ ತನ್ನ ಪಾಡಿಗೆ ತಾನು ಜನರನ್ನು ಅಳಿಸುತ್ತಿತ್ತು. ಅಲ್ಲಾಡದೆ ನಿಂತವನು ಉಳಿದ, ನಡೆದುಹೋದವನು ಚಿತ್ರಕ್ಕೆ ಸಿಗಲಿಲ್ಲ. ಬೆಂಗಳೂರಿಗೆ ಐಟಿ ಬರುವ ನೂರಕ್ಕೂ ಹೆಚ್ಚು ವರ್ಷ ಮೊದಲೇ ಫೋಟೊ ತಿದ್ದುವ ಕಸುಬು ಇಲ್ಲಿತ್ತು ಎಂದಾಯಿತು. ಟ್ರೈಪ್‌ನ ಆಲ್ಬಂ ನಂಬಿ 1855ರ ಬರ್ಮಾದ ಹವಾಮಾನದ ಚರಿತ್ರೆ ಬರೆಯಹೊರಟವನನ್ನು ದೇವರೇ ಕಾಯಬೇಕು.

ಆದರೂ ಟ್ರೈಪ್‌ನ ಮೋಡ ನನ್ನನ್ನು ಕಾಡುವುದಿಲ್ಲ. ಅದು ಕೈಬರಹ. ಕುಂಚದ ಗುರುತು ಕಲಿತ ಕಣ್ಣಿಗೆ ಕಾಣುತ್ತದೆ, ಉಳಿದಿರುವ ನೆಗೆಟಿವ್‌ಗಳಲ್ಲಿ ಬಣ್ಣ ಬಣ್ಣವಾಗಿಯೇ ಕೂತಿದೆ. ತೂತು ತುಂಬಿದವನು ತುಂಬಿದ್ದೇನೆಂಬ ಸಾಕ್ಷಿಯನ್ನೂ ಬೇಕೆಂದೋ ಬೇಡವೆಂದೋ ಬಿಟ್ಟು ಹೋಗಿದ್ದಾನೆ.

ನಮ್ಮ ಸ್ಟುಡಿಯೋಗಳು ಇದೇ ಕೆಲಸವನ್ನು ರಾಜಾರೋಷವಾಗಿ ಮಾಡಿಕೊಂಡು ಬಂದಿವೆ. ಕರ್ನಾಟಕದಲ್ಲಿ ಫೋಟೊದಿಂದ ಬೇಡದ್ದನ್ನು ತೆಗೆಸುವ ಅತ್ಯಂತ ಹಳೆಯ, ಅತ್ಯಂತ ಅವಸರದ ಗಿರಾಕಿ ಯಾರು? ಮನೆಯಲ್ಲಿ ಸಾವಾದವರು. ಹನ್ನೊಂದೋ ಹದಿಮೂರೋ ದಿನದೊಳಗೆ ಹಾರ ಹಾಕಲು ಒಂದು ಫೋಟೊ ಆಗಬೇಕು, ಕಾರ್ಡಿಗೊಂದು, ಬೀದಿಯ ಶ್ರದ್ಧಾಂಜಲಿ ಬ್ಯಾನರಿಗೊಂದು. ಅಜ್ಜಿ ಬದುಕಿದ್ದಾಗ ಒಬ್ಬಳೇ ಕೂತು ಫೋಟೊ ತೆಗೆಸಿಕೊಂಡವಳಲ್ಲ. ಇರುವುದು ಯಾರದ್ದೋ ಮದುವೆಯ ಗುಂಪುಫೋಟೊ. ಅಲ್ಲಿಂದ ಅವಳನ್ನು ಬಿಡಿಸಿಕೊಳ್ಳಬೇಕು. ವೈಟ್‌ಫೀಲ್ಡ್ ಕಡೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಇಂಥ ಕೆಲಸ ನಡೆಯುವುದನ್ನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದ್ದೇನೆ. ಎಡಗಡೆಯ ಸೊಸೆ ಹೋದಳು, ಬಲಗಡೆಯ ಬೀಗರು ಹೋದರು, ಹಿಂದಿನ ಪೆಂಡಾಲು ಹೋಯಿತು. ಕೊನೆಗೆ ಉಳಿದದ್ದು ಅಜ್ಜಿಯ ಹೆಗಲ ಮೇಲೆ ನಾಲ್ಕು ಬೆರಳು. ಹಿಂದೆ ನಿಂತ ಮೊಮ್ಮಗಳು ಇಟ್ಟದ್ದಿರಬೇಕು, ಉಗುರಿಗೆ ಮದರಂಗಿ. ಕೆಲಸ ಮಾಡುತ್ತಿದ್ದ ಸ್ಟುಡಿಯೋ ಹುಡುಗ ಅಲ್ಲಿ ತಡೆದು ಕುತ್ತಿಗೆ ನೀವಿಕೊಂಡ. "ತೆಗೆಯೋದು ಸುಲಭ ಸಾರ್. ಬೆರಳ ಕೆಳಗಿರೋ ಸೆರಗನ್ನ ನಾನೇ ನೇಯಬೇಕಲ್ಲ" ಅಂದ. ಚೆನ್ನಾಗಿಯೇ ನೇಯ್ದ, ಜರಿಯ ಸಾಲು ತಪ್ಪದಂತೆ. ಆಮೇಲೆ ಹಿಂದಕ್ಕೆ ಒಂದು ತಿಳಿನೀಲಿ ಬಣ್ಣ ಸುರಿದ, ತಲೆಯ ಸುತ್ತ ಕೊಂಚ ಬೆಳಗಿಸಿದ.

ಆ ನೀಲಿಯೇ ನನ್ನ ಗಮನ ಸೆಳೆದದ್ದು. ನಾಡಿನ ಯಾವ ಮನೆಯ ಗೋಡೆಯೂ ಆ ಬಣ್ಣದ್ದಲ್ಲ, ಯಾವ ಆಕಾಶವೂ ಅಲ್ಲ. ಹಾರ ಹಾಕಿದ ಫೋಟೊದ ಮುಂದೆ ನಿಂತ ಯಾರೂ ಅಜ್ಜಿ ನೀಲಿ ಕೋಣೆಯಲ್ಲಿ ಕೂತಿದ್ದಳೆಂದು ತಿಳಿಯುವುದಿಲ್ಲ. ಇಲ್ಲಿ ಏನೋ ಇತ್ತು, ಅದನ್ನು ತೆಗೆದಿದ್ದೇವೆ ಎಂದು ಆ ಬಣ್ಣ ಒಪ್ಪಿಕೊಳ್ಳುತ್ತದೆ. ಹಿಂದಿನ ಕಾಲದ ಸ್ಟುಡಿಯೋ ಪರದೆಗಳೂ ಹಾಗೆಯೇ: ತಾಜಮಹಲು, ಸರೋವರ, ರಟ್ಟಿನ ವಿಮಾನ. ಅವು ಮೋಸ ಮಾಡುತ್ತಿರಲಿಲ್ಲ, ಆಟ ಆಡುತ್ತಿದ್ದವು; ಆಟವೆಂದು ತೆಗೆದವನಿಗೂ ನೋಡುವವನಿಗೂ ಗೊತ್ತಿತ್ತು. ಜರಿಯ ಸೆರಗಿನ ಆ ನಾಲ್ಕು ಬೆರಳಗಲದ ಜಾಗ ಮಾತ್ರ ಬೇರೆ ಜಾತಿಯದು. ಅಲ್ಲಿ ಹುಡುಗನ ಕೈಚಳಕ ಅಜ್ಜಿಯ ಸೀರೆಯಾಗಿಬಿಟ್ಟಿದೆ. ಒಂದೇ ಫೋಟೊದೊಳಗೆ ಎರಡು ಬಗೆಯ ತುಂಬುವಿಕೆ. ಹೊಸ ಫೋನುಗಳು ನೀಲಿಯನ್ನು ಕೈಬಿಟ್ಟು ಸೆರಗಿನ ದಾರಿಯನ್ನೇ ಹಿಡಿದಿವೆ.

ಖಾಲಿ ಜಾಗದ ಬಗ್ಗೆ ಕನ್ನಡದ ವಿದ್ವತ್ತು ಬಹಳ ಕಾಲದಿಂದ ಯೋಚಿಸಿದೆ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ಅದರ ಪುಟಗಳಲ್ಲಿ ಸಾಲು ಸಾಲು ಚುಕ್ಕಿಗಳಿವೆ. ಕಲ್ಲು ಚಕ್ಕೆ ಎದ್ದ ಕಡೆ, ಅಕ್ಷರ ಸವೆದ ಕಡೆ ಚುಕ್ಕಿ. ಆ ಜಾಗದಲ್ಲಿ ಏನಿದ್ದೀತೆಂದು ಪಂಡಿತರಿಗೆ ಹೊಳೆಯುತ್ತಿರಲಿಲ್ಲವೆಂದಲ್ಲ. ದಾನಶಾಸನಗಳ ಒಕ್ಕಣೆ ಬಹುಪಾಲು ಒಂದೇ ಅಚ್ಚಿನದು, ಶಾಪಾಶಯದ ಸಾಲುಗಳಂತೂ ಬಾಯಿಪಾಠ. ಹಿಂದುಮುಂದಿನ ಎರಡಕ್ಷರ ಸಿಕ್ಕರೆ ನಡುವಿನ ಐದನ್ನು ತುಂಬಬಹುದು. ತುಂಬಿದರೂ ಕಂಸದೊಳಗೆ ತುಂಬುತ್ತಾರೆ. ತಾಳೆಗರಿ ಕಾವ್ಯಗಳ ವಿಷಯದಲ್ಲಿ ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ಗ್ರಂಥಸಂಪಾದನೆಯ ಶಾಸ್ತ್ರವನ್ನೇ ಬರೆದರು. ಪಾಠಾಂತರವನ್ನು ಅಡಿಯಲ್ಲಿ ಕೊಡು, ತ್ರುಟಿತವನ್ನು ತ್ರುಟಿತವೆನ್ನು, ನಿನ್ನ ತಿದ್ದುಪಡಿ ನಿನ್ನದೆಂದು ಕಾಣಲಿ. ಇಷ್ಟು ಕಟ್ಟುನಿಟ್ಟು ಬೇಕಾದದ್ದು ಹಿಂದಿನ ಲಿಪಿಕಾರರ ಪುಣ್ಯದಿಂದ. ನಡುವೆ ಪದ್ಯ ಬಿಟ್ಟುಹೋಗಿದೆ ಅನ್ನಿಸಿದ ಕಡೆ ತಾವೇ ಒಂದು ಕಟ್ಟಿ ಸೇರಿಸಿ, ಗುರುತು ಬಿಡದೆ ಹೋದರು. ಕವಿಯ ಛಂದಸ್ಸು, ಕವಿಯ ಶೈಲಿ, ಕವಿಯದಲ್ಲದ ಪದ್ಯ. ಪ್ರಕ್ಷಿಪ್ತ ಎಷ್ಟು ಚೆನ್ನಾಗಿದ್ದರೆ ಅಷ್ಟು ಅಪಾಯ. ಅದನ್ನು ಹೆಕ್ಕಿ ತೆಗೆಯಲು ಪಂಡಿತರ ಆಯುಷ್ಯಗಳೇ ಖರ್ಚಾದವು.

ಯುರೋಪಿನ ಚಿತ್ರಸಂರಕ್ಷಕರೂ ಇದೇ ತೀರ್ಮಾನಕ್ಕೆ ಬಂದರು. ರೋಮಿನಲ್ಲಿ ಚೆಸಾರೆ ಬ್ರಾಂಡಿಯ ಮಾರ್ಗದರ್ಶನದಲ್ಲಿ ಬೆಳೆದ ಪದ್ಧತಿಯಂತೆ, ಹಳೆಯ ವರ್ಣಚಿತ್ರದ ಕಿತ್ತುಹೋದ ಜಾಗವನ್ನು ಸಣ್ಣ ಸಣ್ಣ ಉದ್ದಗೆರೆಗಳಿಂದ ತುಂಬುತ್ತಾರೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಚಿತ್ರ ಇಡಿಯಾಗಿ ಕಾಣುತ್ತದೆ; ಹತ್ತಿರ ಹೋದರೆ ಇದು ಮೂಲ, ಇದು ಪೂರಣ ಎಂದು ಬೇರ್ಪಡುತ್ತದೆ. 1964ರ ವೆನಿಸ್ ಸನ್ನದು ಕಟ್ಟಡಗಳಿಗೂ ಇದನ್ನೇ ವಿಧಿಸಿತು: ಹೊಸದಾಗಿ ಸೇರಿಸಿದ ಭಾಗ ಹಳೆಯದರೊಂದಿಗೆ ಹೊಂದಿಕೊಳ್ಳಲಿ, ಆದರೆ ಬೇರೆಯೆಂದು ಗುರುತು ಸಿಗಲಿ. ಸೌಂದರ್ಯವೂ ಬೇಕು, ಸಾಕ್ಷ್ಯವೂ ಉಳಿಯಬೇಕು ಎಂಬ ಹಟಕ್ಕೆ ಇಷ್ಟು ಸೊಗಸಾದ ಪರಿಹಾರ ಇದ್ದಾಗ ಫೋನು ಮಾಡುವವರು ಅದರ ಕಡೆ ತಿರುಗಿ ನೋಡದಿರುವುದು ನನಗೆ ಸೋಜಿಗ.

ಚೌಕಟ್ಟಿನ ವಾದವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಕ್ಯಾಮೆರಾವನ್ನು ಒಂದು ಗೇಣು ಎಡಕ್ಕೆ ತಿರುಗಿಸಿದ್ದರೆ ಟ್ಯಾಂಕರ್ ಹೇಗೂ ಬೀಳುತ್ತಿರಲಿಲ್ಲ; ತಿರುಗಿಸುವುದು ಸರಿ, ಅಳಿಸುವುದು ತಪ್ಪು ಎನ್ನುವುದು ಯಾವ ನ್ಯಾಯ? ಫಲ ಒಂದೇ ಅಲ್ಲವೆ? ಒಂದೇ ಅಲ್ಲ. ಫೋಟೊಕ್ಕೆ ಅಂಚಿದೆ ಎಂಬುದು ನೋಡುವ ಪ್ರತಿಯೊಬ್ಬನಿಗೂ ಗೊತ್ತು. ಅಂಚಿನಾಚೆ ಏನಿದೆ ಎಂಬ ಬಗ್ಗೆ ಚಿತ್ರ ಬಾಯಿ ಬಿಡುವುದಿಲ್ಲ, ನಾವೂ ಅದನ್ನು ನಂಬಬೇಕಿಲ್ಲ. ಅಂಚಿನೊಳಗಿನ ಪ್ರತಿ ಚುಕ್ಕೆಯ ಬಗ್ಗೆ ಮಾತ್ರ ಅದು ಏನನ್ನೋ ಹೇಳುತ್ತಿದೆ. ಸಾಕ್ಷಿಕಟ್ಟೆಯಲ್ಲಿ ನಿಂತವನು ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅವನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಕೇಳಿದ್ದಕ್ಕೆ ಕಟ್ಟುಕಥೆ ಹೇಳಿದರೆ ಮಾತೇ ಬೇರೆ. ಮೌನದಿಂದಲೂ ಮೋಸ ಮಾಡಬಹುದು, ಒಪ್ಪುತ್ತೇನೆ. ಆದರೆ ಮೌನವನ್ನು ಮುರಿಯಲು ಇನ್ನೊಂದು ಪ್ರಶ್ನೆ ಸಾಕು, ಇನ್ನೊಂದು ಕೋನದ ಫೋಟೊ ಸಾಕು.

ಸುದ್ದಿಚಿತ್ರದ ಲೋಕ ಈ ಗೆರೆಯನ್ನು ಎಷ್ಟು ಗಟ್ಟಿಯಾಗಿ ಎಳೆದಿದೆ ಎಂಬುದಕ್ಕೆ ನಾರ್ಸಿಸೊ ಕಾಂಟ್ರೆರಾಸ್ ಪ್ರಕರಣ ನೋಡಬೇಕು. ಸಿರಿಯಾ ಯುದ್ಧದ ಚಿತ್ರಗಳಿಗಾಗಿ 2013ರ ಪುಲಿಟ್ಜರ್ ಪಡೆದ ಎಪಿ ಸುದ್ದಿಸಂಸ್ಥೆಯ ತಂಡದಲ್ಲಿದ್ದವನು. ಅದೇ ವರ್ಷ ತೆಗೆದ ಒಂದು ಚಿತ್ರದಲ್ಲಿ ಬಂಡುಕೋರನೊಬ್ಬ ಬಂದೂಕು ಹಿಡಿದು ಗುಡ್ಡದ ಬದಿ ಬಾಗಿದ್ದ. ಕೆಳಗಿನ ಎಡಮೂಲೆಯಲ್ಲಿ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾ ನೆಲದ ಮೇಲಿತ್ತು. ಕಾಂಟ್ರೆರಾಸ್ ಅದನ್ನು ಅಳಿಸಿ ಮಣ್ಣು, ಕಲ್ಲು ಬರೆದ. ಆಮೇಲೆ ತಾನೇ ಹೇಳಿಕೊಂಡ. 2014ರ ಜನವರಿಯಲ್ಲಿ ಎಪಿ ಅವನೊಡನೆ ನಂಟು ಕಡಿದುಕೊಂಡಿತು. ಅವನ ನೂರಾರು ಚಿತ್ರಗಳನ್ನು ಜಾಲಾಡಿದರೂ ಇನ್ನೊಂದು ತಿದ್ದಿದ ಚಿತ್ರ ಸಿಗಲಿಲ್ಲ. ಒಂದು ಮೂಲೆಯ ಮಣ್ಣಿಗೆ ಇಷ್ಟು ಶಿಕ್ಷೆಯೆ ಎಂದು ಮರುಗಿದವರು ಅನೇಕರು. ಶಿಕ್ಷೆ ಸರಿ ಎಂದೇ ನನ್ನ ಅನಿಸಿಕೆ, ಯಾಕೆಂದರೆ ಆ ಕ್ಯಾಮೆರಾ ಅರ್ಥವಿಲ್ಲದ ವಸ್ತುವಾಗಿರಲಿಲ್ಲ. ಆ ಹೋರಾಟಗಾರನನ್ನು ನೋಡುತ್ತ ಅಲ್ಲಿ ಇನ್ನೂ ಯಾರೋ ಪತ್ರಕರ್ತರಿದ್ದರು ಎಂಬುದಕ್ಕೆ ಅದೊಂದೇ ಸುಳಿವು. ಅದು ಹೋದ ಮೇಲೆ ಚಿತ್ರದಲ್ಲಿ ಏಕಾಂಗಿ ಯೋಧ, ಅವನ ಮುಂದೆ ಏಕಾಂಗಿ ಛಾಯಾಗ್ರಾಹಕ. ದೃಶ್ಯದ ಅರ್ಥವೇ ಕದಲಿತು.

ಯಾವುದು ಬೇಡದ್ದು ಎಂದು ಅಂದು ಕಾಂಟ್ರೆರಾಸ್ ನಿರ್ಧರಿಸಿದ್ದು ಚಿತ್ರದ ಚೆಲುವಿನ ದೃಷ್ಟಿಯಿಂದ. ನೋಡುವವನ ದೃಷ್ಟಿ ಇನ್ನೊಂದಾಗಿತ್ತು. ಮನೆಯ ಫೋಟೊಗಳಲ್ಲಿ ಈ ಅಂತರ ವರ್ಷ ಕಳೆದಂತೆ ಹೆಚ್ಚುತ್ತದೆ. ನಲವತ್ತು ವರ್ಷದ ಹಿಂದಿನ ನಾಮಕರಣದ ಫೋಟೊ ಕೈಗೆ ಬಂದರೆ ನಾವು ಮಗುವನ್ನು ಎಷ್ಟು ಹೊತ್ತು ನೋಡುತ್ತೇವೆ? ಕಣ್ಣು ಹೋಗುವುದು ಹಿಂದಿನ ಗೋಡೆಯ ಕ್ಯಾಲೆಂಡರಿಗೆ, ಮೂಲೆಯ ರೇಡಿಯೊಕ್ಕೆ, ಬಾಗಿಲಲ್ಲಿ ಅರ್ಧ ಕಂಡ ಕೆಲಸದವಳ ಮುಖಕ್ಕೆ. ಫೋಟೊ ತೆಗೆದವನಿಗೆ ಅವೆಲ್ಲ ಅಡಚಣೆ. ಅವನ ಕೈಯಲ್ಲಿ ಅಂದು ಮ್ಯಾಜಿಕ್ ಇರೇಸರ್ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವು ನಮಗೆ ದಕ್ಕಿದವು.

ಪಟ್ಟಂದೂರಿನ ಕೆರೆಯ ವಿಷಯದಲ್ಲಿ ಇದು ಭಾವುಕತೆಯ ಮಾತಾಗಿ ಉಳಿಯುವುದಿಲ್ಲ. ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ಒಂದು ತಮಿಳು ಶಾಸನವಿದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರಿನ ಕೆರೆಯನ್ನು ತೂಬುಗಳ ಸಮೇತ ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದ ಸಂಗತಿ ಅದರಲ್ಲಿದೆ. ಸಾವಿರ ವರ್ಷಕ್ಕೆ ಸಮೀಪದ ಈ ಊರಿನ ನೀರಿನ ಲೆಕ್ಕ ಕಲ್ಲಿನ ಮೇಲಿದೆ. ಇಂದಿನ ಲೆಕ್ಕ ಎಲ್ಲಿದೆ? ಕೆರೆಯ ಒತ್ತುವರಿ, ಕೆರೆಯಂಗಳಕ್ಕೆ ಸುರಿವ ಕಟ್ಟಡದ ಮಣ್ಣು, ಇವುಗಳ ವಿರುದ್ಧ ಇಲ್ಲಿನ ನಿವಾಸಿಗಳು ದನಿಯೆತ್ತಿದ್ದಾರೆ. ಇಂಥ ಜಗಳಗಳಲ್ಲಿ ಕಂದಾಯದ ನಕ್ಷೆ, ಸರ್ವೆ ನಂಬರು, ಉಪಗ್ರಹದ ಚಿತ್ರ ಎಲ್ಲ ಬರುತ್ತವೆ. ಯಾವ ತಿಂಗಳು ಯಾವ ಬದಿಯಲ್ಲಿ ಎಷ್ಟು ಮಣ್ಣು ಬಿದ್ದಿತ್ತು ಎಂಬುದಕ್ಕೆ ಮಾತ್ರ ಸಂಜೆ ವಾಕಿಂಗಿಗೆ ಬಂದವರ ಫೋನಿನ ಫೋಟೊಗಳೇ ಗತಿ. ಅವರು ತೆಗೆದದ್ದು ಸೂರ್ಯಾಸ್ತವನ್ನು. ಚಿತ್ರದ ಮೂಲೆಯಲ್ಲಿ ಟಿಪ್ಪರ್ ಲಾರಿ ಸಿಕ್ಕಿಬಿದ್ದಿತ್ತೆನ್ನಿ, ಚಿತ್ರ ಕೆಡುತ್ತದೆಂದು ಅಳಿಸಿದರು. ಅಳಿಸಿದ ಜಾಗಕ್ಕೆ ಫೋನು ನೀರು ತುಂಬಿತು. ಕೆರೆ ಇದ್ದದ್ದಕ್ಕಿಂತ ಅಷ್ಟು ದೊಡ್ಡದಾಯಿತು. ಒತ್ತುವರಿದಾರನ ವಕೀಲನಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಬೇಕೆ? ಒಂದು ಚಿತ್ರದಲ್ಲಿ ಹೀಗೆ ನೀರು ಬರೆಯಲಾಗಿದೆ ಎಂದು ತೋರಿಸಿದರೆ ಸಾಕು, ಉಳಿದ ನಿಜವಾದ ಚಿತ್ರಗಳ ಮೇಲೂ ಅವನು ಅನುಮಾನ ಎರಚಬಹುದು.

ಹಾಗಿದ್ದರೆ ಎಲ್ಲವನ್ನೂ ಇದ್ದಂತೆಯೇ ಬಿಡಬೇಕೆ? ಅದೂ ಆಗದ ಮಾತು. ಹುಟ್ಟುಹಬ್ಬದ ಫೋಟೊದಲ್ಲಿ ಸಿಕ್ಕಿಬಿದ್ದ ಅಪರಿಚಿತನಿಗೆ ನನ್ನ ಆಲ್ಬಮಿನಲ್ಲಿ ಇರಬೇಕೆಂಬ ಆಸೆಯಿಲ್ಲ. ಅವನನ್ನು ತೆಗೆಯುವುದು ಸೌಜನ್ಯ. ಗುರುತು ಬಿಟ್ಟು ತೆಗೆಯುವ ದಾರಿಯೂ ಇದೆ. ರಸ್ತೆ ರಸ್ತೆಯ ಚಿತ್ರ ತೆಗೆಯುವ ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳನ್ನು 2011ರಲ್ಲಿ ಬೆಂಗಳೂರು ಪೊಲೀಸರು ಭದ್ರತೆಯ ಕಾರಣಕ್ಕೆ ತಡೆದರು. 2022ರ ಜುಲೈಯಲ್ಲಿ ದೇಶದ ಹತ್ತು ನಗರಗಳಲ್ಲಿ ಆ ಸೇವೆ ಮತ್ತೆ ಬಂತು, ಬೆಂಗಳೂರೂ ಸೇರಿ. ಅದರಲ್ಲಿ ರಸ್ತೆಯ ಮೇಲಿನ ಮುಖಗಳೂ ನಂಬರ್ ಪ್ಲೇಟುಗಳೂ ಮಬ್ಬಾಗಿರುತ್ತವೆ. ಮಬ್ಬು ಮಾಡುವ ಯಂತ್ರದ ಅತ್ಯುತ್ಸಾಹ ಎಷ್ಟೆಂದರೆ ಕೇಂಬ್ರಿಜ್‌ನಲ್ಲಿ ಒಂದು ಹಸುವಿನ ಮುಖವನ್ನೂ ಮಬ್ಬಾಗಿಸಿ 2016ರಲ್ಲಿ ನಗೆಪಾಟಲಾಯಿತು. ಆದರೂ ಆ ಮಬ್ಬನ್ನು ನಾನು ಮೆಚ್ಚುತ್ತೇನೆ. ಇಲ್ಲಿ ಒಬ್ಬ ಮನುಷ್ಯ ನಿಂತಿದ್ದ, ಯಾರೆಂದು ನಿಮಗೆ ಬೇಡ ಎಂದು ಅದು ಹೇಳುತ್ತದೆ. ಅವನ ಮರ್ಯಾದೆಯೂ ಉಳಿಯಿತು, ಅವನು ಇದ್ದದ್ದೂ ಉಳಿಯಿತು. ಶಾಸನದ ಚುಕ್ಕಿಗಳಿಗೆ ಕ್ಯಾಮೆರಾ ಲೋಕದಲ್ಲಿ ಅತಿ ಹತ್ತಿರದ ನೆಂಟ ಇದೇ.

ತಂತ್ರಜ್ಞರು ಇದಕ್ಕೆ ಕೊಡುವ ಉತ್ತರ ಗುರುತುಚೀಟಿ. ಎಐ ಬಳಸಿ ತಿದ್ದಿದ ಚಿತ್ರದ ವಿವರಗಳಲ್ಲಿ ಹಾಗೆಂದು ಗೂಗಲ್ ಫೋಟೋಸ್ ಈಗ ಬರೆಯುತ್ತದೆ. ಚಿತ್ರದೊಂದಿಗೇ ಅದರ ಜಾತಕವನ್ನು ಕಟ್ಟಿ ಕಳಿಸುವ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ವ್ಯವಸ್ಥೆಯೂ ಬಂದಿದೆ. ಒಳ್ಳೆಯದೇ, ಆದರೆ ನಮ್ಮ ದೇಶದಲ್ಲಿ ಫೋಟೊ ಹೋಗುವುದು ವಾಟ್ಸ್‌ಆ್ಯಪ್ ದಾರಿಯಲ್ಲಿ. ಮಾಮೂಲಿಯಾಗಿ ಕಳಿಸಿದ ಚಿತ್ರವನ್ನು ಅದು ಕುಗ್ಗಿಸಿ, ಒಳಗಿನ ವಿವರಗಳನ್ನೆಲ್ಲ ಕಿತ್ತು ಹಾಕುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಉಳಿಯುತ್ತದೆ. ಸೂರ್ಯಾಸ್ತವನ್ನು ಯಾರು ಡಾಕ್ಯುಮೆಂಟ್ ಮಾಡಿ ಕಳಿಸುತ್ತಾರೆ? ಆದ್ದರಿಂದ ಗುರುತು ಚಿತ್ರದ ಮೈಯಲ್ಲೇ ಇರಬೇಕು, ರೋಮಿನ ಉದ್ದಗೆರೆಗಳ ಹಾಗೆ: ಸುಮ್ಮನೆ ನೋಡುವವನ ಕಣ್ಣಿಗೆ ಚುಚ್ಚದಂತೆ, ಹಿಗ್ಗಿಸಿ ನೋಡಿದವನಿಗೆ ತಪ್ಪಿಸಿಕೊಳ್ಳದಂತೆ. ಕಷ್ಟದ ಕೆಲಸವೇನಲ್ಲ. ಅಂಚು ಕಾಣದ ಹಾಗೆ ತೇಪೆ ಹಾಕುವುದನ್ನು ಕಲಿಯಲು ಎರಡು ದಶಕಕ್ಕೂ ಮಿಗಿಲಾದ ಸಂಶೋಧನೆ ಬೇಕಾಯಿತು. ಅಂಚು ಕಾಣಿಸುವ ತೇಪೆಯ ಪ್ರೋಗ್ರಾಂ ಬರೆಯಬಲ್ಲವರು ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಬೆಳಗಿನ ಪ್ರತಿ ರೈಲಿನಿಂದಲೂ ಇಳಿಯುತ್ತಾರೆ.

ಒಂದು ಕಡೆ ಮಾತ್ರ ನನ್ನ ವಾದ ನಿಲ್ಲುವುದಿಲ್ಲ. ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳೊಬ್ಬಳ ಬಳಿ ಮಗುವಿನ ಮೊದಲ ನಗುವಿನ ಫೋಟೊ ಇರುವುದು ಒಂದೇ, ಅದರಲ್ಲಿ ಅವನೂ ಇದ್ದಾನೆ. ಹಿಂದೆ ಇಂಥವರು ಕತ್ತರಿ ಹಿಡಿಯುತ್ತಿದ್ದರು. ಹಳೆಯ ಆಲ್ಬಂಗಳಲ್ಲಿ ತಲೆಯಾಕಾರದ ತೂತುಗಳನ್ನು, ಬ್ಲೇಡಿನಲ್ಲಿ ಕೆರೆದ ಮುಖಗಳನ್ನು ನಾವೆಲ್ಲ ಕಂಡಿದ್ದೇವೆ. ಆ ತೂತು ಪ್ರಾಮಾಣಿಕ, ಮತ್ತು ಪ್ರತಿ ಸಲ ಆಲ್ಬಂ ತೆರೆದಾಗಲೂ ಅವನನ್ನು ನೆನಪಿಸುತ್ತದೆ. ಅವಳಿಗೆ ಉದ್ದಗೆರೆ ಬೇಡ, ಮಬ್ಬು ಬೇಡ, ಜಾತಕ ಬೇಡ. ಅವನಿಲ್ಲದ ಗೋಡೆ ಬೇಕು. ಆ ಗೋಡೆ ಯಂತ್ರ ಕಟ್ಟಿದ್ದಾದರೂ ಅವಳದು ತಪ್ಪೆಂದು ನಾನು ಹೇಳಲಾರೆ. ಅಲ್ಲಿ ತೆಗೆದದ್ದು ಅವಳ ಸ್ವಂತ ಬದುಕಿನ ಒಂದು ತುಂಡು, ಅದರ ಮೇಲೆ ಬೇರೆಯವರ ಹಕ್ಕಿಲ್ಲ. ಕೆರೆಯ ದಡದ ಟಿಪ್ಪರ್ ಲಾರಿಯ ವಿಷಯ ಹಾಗಲ್ಲ. ಅದು ಫೋಟೊ ತೆಗೆದವನೊಬ್ಬನ ಕಣ್ಣಿಗೆ ಬಿದ್ದ ಊರಿನ ಸಂಗತಿ. ಈ ಎರಡರ ವ್ಯತ್ಯಾಸ ಫೋನಿಗೆ ತಿಳಿಯುವುದಿಲ್ಲ, ತಿಳಿಯಬೇಕೆಂದು ಬಯಸುವುದೂ ಅತಿಯಾಸೆ. ತುಂಬು, ಮಬ್ಬಾಗಿಸು, ಗೆರೆ ಎಳೆದು ಬಿಡು ಎಂದು ಮೂರು ಗುಂಡಿಗಳನ್ನು ಮುಂದಿಟ್ಟು ಆಯ್ಕೆಯನ್ನು ನಮಗೆ ಬಿಡುವಷ್ಟು ಅದರ ಕೈಲಾಗುತ್ತದೆ. ಸದ್ಯಕ್ಕೆ ಅದು ಬೆರಳಿನ ಕೆಳಗೆ ಇಟ್ಟಿರುವುದು ಹೆಚ್ಚಾಗಿ ಮೊದಲನೆಯದನ್ನೇ.